ಹಚ್ಚೆ ಇದ್ದ ಕೈಗೆ ಗಾದಿ ಇಲ್ಲ

ಬಟ್ಟೆ ಅಂಗಡಿಯ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಈ ಕೆಲಸದಲ್ಲಿ ಕಾಲು ನೋಯುತ್ತದೆ. ನಮ್ಮ ಕಾಲದಲ್ಲಿ ಹತ್ತಿ ತುಂಬಿದ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮಾರುತ್ತಿದ್ದೆವು, ಮೊಣಕಾಲು ನೋಯುತ್ತಿತ್ತು. ಈಗ ಗಾಜಿನ ಕೌಂಟರಿನ ಹಿಂದೆ ನಿಂತು ಮಾರುತ್ತೀರಿ, ಹಿಮ್ಮಡಿ ನೋಯುತ್ತದೆ. ಅಂಗಡಿ ಎಷ್ಟೇ ಸುಧಾರಿಸಿದರೂ ನೋವು ಮೊಣಕಾಲಿನಿಂದ ಹಿಮ್ಮಡಿಗೆ ಇಳಿಯಿತೇ ಹೊರತು ಹೋಗಲಿಲ್ಲ.

ನನ್ನ ಹೆಸರು ಭೀಮಶಾ. ನಾಲ್ಕನೇ ಇಯತ್ತೆಯ ತನಕ ಕಲಿತವನು. ಆಳಂದದ ಒಂದು ಜವಳಿ ಅಂಗಡಿಗೆ ಕಸ ಗುಡಿಸಲು ಸೇರಿ, ಗಾದಿಗೆ ಏರಿ, ಕಡೆಗೆ ಅದೇ ಮಾಲೀಕರ ಆಳಂದ, ಅಫಜಲಪುರ, ಜೇವರ್ಗಿಯ ಮೂರೂ ಅಂಗಡಿಗಳಿಗೆ ಕೆಲಸದವರನ್ನು ಆರಿಸುವವನಾದೆ. ಹಾಗೆ ಆರಿಸುವಾಗ ಒಬ್ಬಾಕೆಯನ್ನು, ಕೈ ಮೇಲೆ ಹಚ್ಚೆ ಇದೆ ಎಂಬ ಕಾರಣಕ್ಕೆ, ಬೇಡವೆಂದು ಕಳಿಸಿದೆ. ಆಕೆ ನನ್ನ ಒಡಹುಟ್ಟಿದ ಅಕ್ಕ. ಅದನ್ನು ಹೇಳದೆ ಈ ಬರಹ ಮುಗಿಸಿದರೆ ಸೀರೆ ತೋರಿಸಿ ಸೆರಗು ಮುಚ್ಚಿಟ್ಟಂತೆ ಆಗುತ್ತದೆ. ಆದರೆ ಗಿರಾಕಿ ಕೂತ ಕೂಡಲೆ ಸೆರಗು ಬಿಚ್ಚಬಾರದು, ಮೊದಲು ಅಂಚು ತೋರಿಸಬೇಕು ಅನ್ನುವುದೂ ನಮ್ಮ ಕಸುಬಿನ ಪಾಠ. ಹಾಗಾಗಿ ಅಂಚಿನಿಂದ ಶುರು ಮಾಡುತ್ತೇನೆ.

ನಾನು ಸೇರಿದಾಗ ಇದ್ದವರು ಹಿರಿಯ ಸಾವಕಾರರು. ದಿನಾ ಬಾಗಿಲು ತೆರೆದ ಮೇಲೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, "ಕೈ ತೋರ್ಸ್ರಿ" ಅನ್ನುತ್ತಿದ್ದರು. ಉಗುರು ಬೆಳೆದಿದ್ದರೆ ಅಲ್ಲೇ ಕತ್ತರಿಸಬೇಕು. ಉಂಗುರ ಇದ್ದರೆ ತೆಗೆದು ಜೇಬಿಗೆ ಹಾಕಬೇಕು, ಏಕೆಂದರೆ ಉಂಗುರ ರೇಷ್ಮೆಯ ಎಳೆ ಹಿಡಿಯುತ್ತದೆ. ಉಳ್ಳಾಗಡ್ಡಿ ವಾಸನೆ ಬಂದರೆ ಮತ್ತೆ ಕೈ ತೊಳೆದು ಬರಬೇಕು.

"ಗಿರಾಕಿ ಮೊದ್ಲ ಸೀರಿ ನೋಡಂಗಿಲ್ಲಪಾ. ಸೀರಿ ಹಿಡದ ಕೈ ನೋಡ್ತದ" ಅನ್ನುವುದು ಅವರ ಮಾತು.

ನನ್ನ ಪಕ್ಕದ ಗಾದಿಯವನು ಖಾಸಿಂಸಾಬ. ಒಂದು ದಿನ ಅವನು ಎರಡೂ ಕೈ ಚಾಚಿ, "ಸಾವಕಾರ್ರ, ಹೊಟ್ಟೀನೂ ತೋರ್ಸ್ಲೇನ್ರಿ? ಅದೂ ಸಾಫ್ ಅದ, ಮುಂಜಾನಿಂದ ಒಳಗ ಏನೂ ಹೋಗಿಲ್ಲ" ಅಂದ. ಸಾವಕಾರರು ನಗು ತಡೆಯಲಾರದೆ ಎಲ್ಲರಿಗೂ ಮಂಡಕ್ಕಿ ಸುಸಲಾ ಮತ್ತು ಚಹಾ ತರಿಸಿದರು. ಅಂದಿನಿಂದ ಕೈ ತೋರಿಸುವಾಗಲೆಲ್ಲ ನಾವು ಹೊಟ್ಟೆಯನ್ನೂ ಒಳಗೆ ಎಳೆದುಕೊಂಡು ನಿಲ್ಲುತ್ತಿದ್ದೆವು.

ಹೊಸಬರೇ, ಮಡಚುವುದನ್ನು ಕಲಿಯಿರಿ. ಬಿಚ್ಚುವುದು ಯಾರಿಗೂ ಬರುತ್ತದೆ. ನಾನು ಬೇಗ ಮಡಚುವುದರಲ್ಲಿ ಹೆಸರು ಮಾಡಿದ್ದೆ, ಆ ಹೆಸರೇ ಒಮ್ಮೆ ನನ್ನನ್ನು ಹಳ್ಳಕ್ಕೆ ಕೆಡವಿತ್ತು. ಖಜೂರಿಯಿಂದ ಗಂಡಿನವರು, ಹೆಣ್ಣಿನವರು ಒಂದೇ ಟ್ರಕ್ಕಿನಲ್ಲಿ ನಿಶ್ಚಯದ ಜವಳಿಗೆ ಬಂದಿದ್ದರು. ಗಾದಿಯ ಮೇಲೆ ಸೀರೆಗಳ ಗುಡ್ಡ ಎದ್ದಿತ್ತು. ಗಂಡಿನ ಅಜ್ಜಿ ತನ್ನ ಎಲೆ ಅಡಿಕೆ ಸಂಚಿಯನ್ನು ಒಂದು ಒಂಬತ್ತು ಗಜದ ಸೀರೆಯ ಮೇಲೆ ಇಟ್ಟು ಇನ್ನೊಂದನ್ನು ನೋಡುತ್ತಿದ್ದಳು. ನಾನು ಕಣ್ಣು ಗಿರಾಕಿಯ ಮೇಲಿಟ್ಟು ಕೈಯಿಂದ ಮಡಚುವವನು, ಸಂಚಿಯ ಸಮೇತ ಮಡಚಿಬಿಟ್ಟೆ. ಆ ಸೀರೆ ಹೆಣ್ಣಿನ ಗಂಟಿಗೆ ಸೇರಿತು. ಸಂಚಿ ಕಾಣದೆ ಅಜ್ಜಿ ಎದ್ದು ನಿಂತು, "ಬೀಗರ ಮಂದಿ ಬಾಜೂಕ ಕೂಡೂಕಿಂತ ಮೊದ್ಲ ನನ್ನ ಸಂಚಿ ಇತ್ತು. ಕುಂತಮ್ಯಾಲ ಇಲ್ಲ. ಇಷ್ಟ ಹೇಳ್ತೇನಿ" ಅಂದಳು. ಬೀಗರ ಮಂದಿ ಸುಮ್ಮನಿರುತ್ತಾರೆಯೇ? ಜಗಳ ಟ್ರಕ್ಕು ಹತ್ತಿ ಖಜೂರಿಗೆ ಹೋಯಿತು.

ನಿಶ್ಚಯದ ದಿನ ಹಿರಿಯರ ಮುಂದೆ ಹುಡುಗಿಗೆ ಉಡಿಸಲು ಸೀರೆ ಬಿಚ್ಚಿದರೆ ಸಂಚಿ ಹುಡುಗಿಯ ಉಡಿಯಲ್ಲಿ ಬಿತ್ತಂತೆ. ಎಲೆ ಅಡಿಕೆ ಹಂಚಿ ಮಾತು ಗಟ್ಟಿ ಮಾಡುವ ದಿನ ಎಲೆ ಅಡಿಕೆ ತಾನಾಗಿಯೇ ಉಡಿಗೆ ಬಿದ್ದರೆ ಹಿರಿಯರು ಇನ್ನೇನು ಅಂದಾರು? ದೇವರೇ ಹಂಚಿದ ಅಂದರು. ಜಗಳ ಅಲ್ಲೇ ಮುಗಿಯಿತು. ಆಮೇಲೆ ಆ ಕಡೆಯ ಜನ ಬಂದಾಗಲೆಲ್ಲ, "ಭೀಮಶಾನ ಕೈಲೇ ಮಡಚಿಸ್ರಿ, ಶಕುನ ಚಲೋ ಆಗ್ತದ" ಅನ್ನುವರು. ತಪ್ಪು ಮಾಡಿ ಇಷ್ಟು ಹೆಸರು ಬಂದದ್ದು ಅದೊಂದೇ ಸಲ.

ಹಿರಿಯ ಸಾವಕಾರರ ನಂತರ ಮಗ ಗಲ್ಲೆಗೆ, ಅಂದರೆ ಹಣದ ಪೆಟ್ಟಿಗೆಯ ಮುಂದೆ, ಬಂದರು. ಅವರನ್ನು ನಾವು ಕಡೆತನಕ ಸಣ್ಣ ಸಾವಕಾರರೆಂದೇ ಕರೆದೆವು. ಒಳ್ಳೆಯ ಮನುಷ್ಯ, ಹೊಸದರ ಹುಚ್ಚು ಹೆಚ್ಚು. ಗಾದಿ ತೆಗೆಸಿ ಕೌಂಟರ್ ಹಾಕಿಸಿದರು. ಆದರೂ ಮಾರುವ ಜಾಗಕ್ಕೆ ನಾವು ಗಾದಿ ಎಂದೇ ಅನ್ನುತ್ತಿದ್ದೆವು. ಒಂದೇ ದರ ಎಂದು ಬೋರ್ಡ್ ಬರೆಸಿದರು. ಮೊದಲ ದಿನವೇ ಒಬ್ಬ ಮುದುಕಿ ಅದರ ಕೆಳಗೆ ನಿಂತು, "ಬೋರ್ಡ್ ನಿಮ್ದು, ಬಾಯಿ ನಮ್ದು. ಎಷ್ಟಕ್ಕ ಕೊಡ್ತಿ ಹೇಳು" ಅಂದಳು. ಸಣ್ಣ ಸಾವಕಾರರೇ ಸೋತು ಕಡಿಮೆ ಮಾಡಿ ಕೊಟ್ಟರು. ಈಗಂತೂ ಹೆಣ್ಣುಮಗಳು ಅಂಗಡಿಯಲ್ಲಿ, ಆಕೆಯ ಅತ್ತಿಗೆ ಪುಣೆಯಲ್ಲಿ, ನಡುವೆ ಮೊಬೈಲಿನಲ್ಲಿ ಸೀರೆ. "ಸ್ವಲ್ಪ ಬೆಳಕಿಗೆ ಹಿಡೀರಿ ಅಣ್ಣಾರ" ಎಂದು ಪುಣೆಯಿಂದ ಅಪ್ಪಣೆ ಬರುತ್ತದೆ.

ಹಚ್ಚೆಯ ಕಾನೂನು ಹುಟ್ಟಿದ್ದು ರೇವಣನ ಕೈಯಿಂದ. ರೇವಣ ನಮ್ಮ ಅಫಜಲಪುರ ಅಂಗಡಿಯ ಹುರುಪಿನ ಕೆಲಸಗಾರ. ಮದುವೆಗೆ ಮೊದಲು ಸೊಲ್ಲಾಪುರಕ್ಕೆ ಹೋಗಿ ಮಷೀನಿನಿಂದ ಮಣಿಕಟ್ಟಿನ ಮೇಲೆ ಜ್ಯೋತಿ ಎಂದು ಹಾಕಿಸಿಕೊಂಡು ಬಂದಿದ್ದ. ಆಮೇಲೆ ಅವನ ಮದುವೆ ಸುನಂದಾ ಎಂಬ ಹುಡುಗಿಯ ಜೊತೆ ಆಯಿತು. ಒಂದು ದಿನ ಅವನು ಸೀರೆಯ ಅಂಚು ಹಿಡಿದು ತೋರಿಸುವಾಗ ಗಿರಾಕಿ ಹೆಂಗಸೊಬ್ಬಳು ಕೇಳಿದಳು:

"ಜ್ಯೋತಿ ಅಂದ್ರ ನಿನ್ ಹೇಣ್ತಿ ಏನಪಾ?"

"ಅಲ್ರಿ."

"ತಂಗೀನ?"

"ಅಲ್ರಿ. ಅಕ್ಕಾರ, ಈ ಅಂಚು ನೋಡ್ರಿ."

"ಅಂಚು ಎಲ್ಲಿ ಹೋಗ್ತದ, ಇಲ್ಲೇ ಇರ್ತದ. ಜ್ಯೋತಿ ಎಲ್ಲಿ ಹೋದ್ಳು, ಅದನ್ ಹೇಳು."

ಆಕೆಯ ಜೊತೆ ಬಂದ ಬೀಗರ ಗುಂಪೆಲ್ಲ ಸೀರೆ ಬಿಟ್ಟು ಜ್ಯೋತಿಯ ಹಿಂದೆ ಬಿತ್ತು. ಸಣ್ಣ ಸಾವಕಾರರು ಗಲ್ಲೆಯಿಂದ ಇದನ್ನೆಲ್ಲ ನೋಡಿ ಸಿಟ್ಟಾದರು. ಸೊಲ್ಲಾಪುರದ ಯಾವುದೋ ದೊಡ್ಡ ಶೋರೂಮಿನಲ್ಲಿ ಎಲ್ಲರೂ ಒಂದೇ ಬಣ್ಣದ ಅಂಗಿಯಲ್ಲಿ ಚೊಕ್ಕವಾಗಿ ನಿಂತದ್ದನ್ನು ಅವರು ನೋಡಿ ಬಂದಿದ್ದರು. "ಇನ್ನಮ್ಯಾಲ ಕಣ್ಣಿಗೆ ಕಾಣೂ ಹಚ್ಚಿ ಇದ್ದವರನ್ನ ಗಾದಿಗೆ ತಗೋಬ್ಯಾಡ ಭೀಮಶಾ. ಗಿರಾಕಿ ಸೀರಿ ನೋಡ್ಬೇಕು, ನಮ್ಮವರ ಕೈ ಓದಬಾರ್ದು" ಅಂದರು. ರೇವಣನನ್ನು ಗೋದಾಮಿಗೆ ಹಾಕಿದರು.

ಅವರ ಮಾತಿನಲ್ಲಿ ಹುರುಳೇ ಇರಲಿಲ್ಲ ಅನ್ನಲಾರೆ. ಅಂದು ನಿಜವಾಗಿಯೂ ಒಂದು ಸೀರೆಯೂ ಹೋಗಲಿಲ್ಲ. ನನಗೂ ಕಾನೂನು ಸರಿ ಅನ್ನಿಸಿತು. ಖಾಸಿಂಸಾಬ ಮಾತ್ರ ಗೊಣಗಿದ. "ನಮ್ಮ ಮಂದ್ಯಾಗ ಹಚ್ಚಿ ಹಾಕ್ಸ್ಕೊಳ್ಳಂಗಿಲ್ಲ ಭೀಮಣ್ಣ. ಆದ್ರ ನಾ ಹಾಕ್ಸ್ಕೊಳ್ಳಂಗಿಲ್ಲ ಅಂತ ಹಾಕ್ಸ್ಕೊಂಡಾವ್ನ ರೊಟ್ಟಿ ಯಾಕ ಕಸೀಲಿ?"

ಆಮೇಲೆ ಜೇವರ್ಗಿಯಲ್ಲಿ ಅಂಗಡಿ ತೆರೆಯಿತು. ಹಳ್ಳಿಯ ಹೆಂಗಸರಿಗೆ ಹೆಂಗಸರೇ ಸೀರೆ ತೋರಿಸಿದರೆ ಚೆನ್ನ ಎಂದು ಮಾರುವ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಕರೆದೆವು. ಆರಿಸುವ ದಿನ ಮೆಟ್ಟಿಲ ತನಕ ಸಾಲು. ನಾನು ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಹಾಕಿಕೊಂಡು ಮೇಜಿನ ಹಿಂದೆ ಕೂತಿದ್ದೆ. ಪಕ್ಕದಲ್ಲಿ ಸಣ್ಣ ಸಾವಕಾರರು. ಒಬ್ಬೊಬ್ಬರಿಗೂ ಹಿರಿಯರ ಹಾಗೆಯೇ "ಕೈ ತೋರ್ಸ್ರಿ" ಅನ್ನುತ್ತಿದ್ದೆ. ಹಾಗೆ ಅನ್ನುತ್ತ ತಲೆ ಎತ್ತಿದರೆ ಎದುರಿಗೆ ಅಕ್ಕ.

ಅಕ್ಕನ ಹೆಸರು ಚಂದಮ್ಮ. ಜೇವರ್ಗಿ ಹತ್ತಿರದ ಅಂದೋಲಾಕ್ಕೆ ಕೊಟ್ಟಿದ್ದೆವು. ಹೊಲದ ಕಸ ತೆಗೆದು ತೆಗೆದು ಸೊಂಟ ಹಿಡಿದಿತ್ತು, ಕೂತೋ ನಿಂತೋ ಮಾಡುವ ಕೆಲಸ ಬೇಕಾಗಿತ್ತು. ಬರುವುದನ್ನು ನನಗೆ ಹೇಳಿರಲಿಲ್ಲ. ತಮ್ಮನನ್ನು ಬೆರಗು ಮಾಡಬೇಕೆಂದು ಸೊಸೆಗೂ ಹೇಳದೆ ಬಂದಿದ್ದಳೆಂದು ಆಮೇಲೆ ತಿಳಿಯಿತು. ಒಗೆದ ಇಳಕಲ್ ಸೀರೆ, ತಲೆ ಮೇಲೆ ಸೆರಗು, ಕಾಲಿಗೆ ದಾರಿಯ ಧೂಳು, ಕಣ್ಣು ತುಂಬ ನಗೆ. ಮನೆಯಲ್ಲಾದರೆ "ಲೇ ಭೀಮ್ಯಾ" ಎಂದು ಊರಿಗೆ ಕೇಳುವ ಹಾಗೆ ಕೂಗುವವಳು. ನನ್ನ ಬಿಳಿ ಅಂಗಿ ನೋಡಿದಳು, ಪಕ್ಕದ ಸಾವಕಾರರನ್ನು ನೋಡಿದಳು, "ನಮಸ್ಕಾರ್ರಿ" ಎಂದಷ್ಟೇ ಅಂದಳು. ಯಾರೆಂದು ಹೇಳುವ ಮಾತನ್ನು ನನಗೆ ಬಿಟ್ಟಳು. ನಾನು ಹೇಳಲಿಲ್ಲ.

"ಕೈ ತೋರ್ಸ್ರಿ" ಅಂದೆ.

ಆಕೆ ಎರಡೂ ಕೈ ಚಾಚಿದಳು. ಬಲಗೈ ಮೇಲೆ ಸೀತೆಯ ಸೆರಗು ಎಂಬ ಹಚ್ಚೆ. ಎಡಗೈ ಮೇಲೆ ದೊಡ್ಡ ಚೇಳು.

ಆ ಚೇಳಿನ ಕತೆ ಇಲ್ಲಿ ಹೇಳಲೇಬೇಕು. ಅದು ನನಗೆ ಹಾಕಬೇಕಾಗಿದ್ದ ಹಚ್ಚೆ. ನಾವು ಸಣ್ಣವರಿದ್ದಾಗ ಅಫಜಲಪುರದ ಕಡೆಯ ನಮ್ಮೂರಿಗೆ ಹಚ್ಚೆ ಹಾಕುವ ಅಜ್ಜಿ ಬರುತ್ತಿದ್ದಳು. ಹೆಣ್ಣುಮಕ್ಕಳಿಗೆ ಸೀತೆಯ ಸೆರಗು, ಗದ್ದಕ್ಕೆ ಚುಕ್ಕೆ. ಗಂಡುಹುಡುಗರಿಗೆ ಚೇಳು, ಚೇಳು ಇದ್ದವನನ್ನು ಚೇಳು ಕಡಿಯುವುದಿಲ್ಲ ಎಂಬ ನಂಬಿಕೆಗೆ. ಅವ್ವ ನಮ್ಮಿಬ್ಬರ ಪಾಲಿನ ಜೋಳವನ್ನು ಒಂದೇ ಮೊರದಲ್ಲಿ ತಂದು ಅಜ್ಜಿಯ ಉಡಿಗೆ ಸುರಿದಳು. ಅಕ್ಕನಿಗೆ ಮುಗಿಯಿತು, ನನ್ನ ಸರದಿ ಬಂತು. ಸೂಜಿ ಒಂದು ಸಲ ಚುಚ್ಚಿದ್ದೇ ತಡ, ನಾನು ಚಡ್ಡಿ ಹಿಡಿದುಕೊಂಡು ಹೊಳೆಯ ಕಡೆ ಓಡಿದೆ. ಅಜ್ಜಿ ಮಾತ್ರ ಏಳಲಿಲ್ಲ. ಉಡಿಗೆ ಬಿದ್ದ ಜೋಳ ತಿರುಗಿ ಕೊಡುವ ಹಾಗಿಲ್ಲ, ಹಸಿದ ಸೂಜಿಯನ್ನು ಹಾಗೇ ಎತ್ತಿಡುವ ಹಾಗೂ ಇಲ್ಲ, ಅದು ಅವರ ಪದ್ಧತಿ. ಆಗ ಅಕ್ಕ ಎಡಗೈ ಮುಂದೆ ಮಾಡಿ, "ಅವ್ನ ಚೇಳು ನನಗಽ ಹಾಕು ಆಯಿ, ಅವ ಅಳ್ತಾನ" ಅಂದಳಂತೆ. ಗಂಡಸರ ಚೇಳನ್ನು ಕೈ ಮೇಲೆ ಹೊತ್ತುಕೊಂಡೇ ಗಂಡನ ಮನೆಗೆ ಹೋದಳು. ಅಲ್ಲಿ ಅತ್ತೆ ನೋಡಿ ಮೊದಲು ಹೆದರಿದಳು, ಆಮೇಲೆ ಕಡೆತನಕ ಜಗಳಕ್ಕೆ ಬರಲಿಲ್ಲ.

ನನ್ನ ಕೈ ಸ್ವಚ್ಛ ಉಳಿದದ್ದು ಹಾಗೆ. ಆ ಸ್ವಚ್ಛ ಕೈಯನ್ನು ಮೇಜಿನ ಮೇಲೆ ಇಟ್ಟುಕೊಂಡು ನಾನು ಅಂದೆ:

"ಹಚ್ಚಿ ಅದಾವರಿ. ನಮ್ಮಲ್ಲಿ ನಡ್ಯಂಗಿಲ್ಲ."

"ಹೌದ್ರಿ? ಸೀರಿ ಮಾರೂದು ಬಾಯಿಲೆ ಅಲ್ಲೇನ್ರಿ?"

"ಕಾನೂನ್ ಅದರಿ."

"ಆಗ್ಲಿ ಬಿಡ್ರಿ. ನಿಮ್ಮ ಕಾನೂನು ನಿಮಗ ಚಂದ ಇರ್ಲಿ" ಎಂದು ನಕ್ಕು ಮೆಟ್ಟಿಲಿಳಿದು ಹೋದಳು. ಸಾಲಿನಲ್ಲಿ ಹಿಂದೆ ನಿಂತ ಹೆಂಗಸು ಮೆಲ್ಲಗೆ ತನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಸಣ್ಣ ಸಾವಕಾರರು ಆಗ ಬೆನ್ನು ತಿರುಗಿಸಿ ಫೋನಿನಲ್ಲಿ ಮಾತಾಡುತ್ತಿದ್ದರು. ಅಕ್ಕನ ಕೈಯನ್ನು ಅವರು ನೋಡಲೇ ಇಲ್ಲ. ಆದ್ದರಿಂದ ತಪ್ಪನ್ನು ಅವರ ತಲೆಗೆ ಕಟ್ಟಲಾರೆ. ಖರೆ ಹೇಳುತ್ತೇನೆ, ನನಗೆ ಅಡ್ಡ ಬಂದದ್ದು ಹಚ್ಚೆಯಲ್ಲ. ಆಕೆಯ ಕಾಲಿನ ಧೂಳು, ಗಟ್ಟಿ ದನಿ, ನಾಳೆ ಎಲ್ಲರ ಮುಂದೆ ಭೀಮ್ಯಾ ಅಂದರೆ ಎಂಬ ಅಂಜಿಕೆ. ನಾಚಿಕೆಗೆ ಹೊದಿಸಲು ಒಂದು ಬಟ್ಟೆ ಬೇಕಾಗಿತ್ತು, ಸಾವಕಾರರ ಕಾನೂನು ಅಳತೆಗೆ ಸರಿಯಾಗಿ ಸಿಕ್ಕಿತು.

ಆ ವರ್ಷ ನಾಗರ ಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ಹೋಗಲಿಲ್ಲ. ಅಂಗಡಿಯಲ್ಲಿ ಗದ್ದಲ ಎಂದು ಮನೆಯಲ್ಲಿ ಹೇಳಿದೆ. ಮುಂದಿನ ಪಂಚಮಿಗೂ ಅದೇ ಗದ್ದಲ ಇತ್ತು. ಇನ್ನು ಆಕೆ ನನ್ನ ಹೊಸ್ತಿಲು ತುಳಿಯುತ್ತಾಳೋ ಇಲ್ಲವೋ ಎಂಬುದೊಂದೇ ಆಗ ನನ್ನ ತಲೆಯಲ್ಲಿ.

ಅಷ್ಟರಲ್ಲಿ ಅಫಜಲಪುರ ಅಂಗಡಿಯಲ್ಲಿ ಒಂದು ವಿಚಿತ್ರ ಶುರುವಾಯಿತು. ಹೆಂಗಸರು ಬಂದು ಕೂತು, ಸೀರೆ ನೋಡಿ, ಎದ್ದು ಹೋಗುವರು. "ಚೇಳಿನಕ್ಕನ ಹತ್ರ ಇಂಥಾದ ನೋಡೀವಿ, ಆಕಿ ಉಡಿಸಿ ತೋರಿಸ್ತಾಳ" ಅನ್ನುವರು. "ಚೇಳಿನಕ್ಕ ನನಗ ಹಳದಿ ಒಪ್ಪಂಗಿಲ್ಲ ಅಂತ ಮಾರಿ ಮ್ಯಾಲೇ ಅಂದ್ಳು ನೋಡ್ರಿ, ನೀವು ಎಲ್ಲಾನೂ ಚಂದ ಅಂತೀರಿ" ಎಂದು ಒಬ್ಬಾಕೆ ನನಗೇ ಬುದ್ಧಿ ಹೇಳಿದಳು. ಚೇಳಿನಕ್ಕ ಅನ್ನುವುದು ಕಿವಿಗೆ ಬಿದ್ದ ಮೊದಲ ಸಲವೇ ನನಗೆ ಯಾರೆಂದು ಗೊತ್ತಾಯಿತು. ಅಮಾವಾಸ್ಯೆಗೆ ಘತ್ತರಗಿಯ ಭಾಗಮ್ಮ ದೇವಿಗೆ ಸೀರೆ ಏರಿಸಲು, ಉಡಿ ತುಂಬಲು ಜನ ಬರುತ್ತಾರಲ್ಲ, ಅಲ್ಲಿ ಹೊಳೆಯ ದಾರಿಯಲ್ಲಿ ನೆರಳಿಗೆ ಒಂದು ತಾಡಪತ್ರಿ ಕಟ್ಟಿಕೊಂಡು ಅಕ್ಕ ಸೀರೆ, ರವಿಕೆಯ ಖಣ ಮಾರಲು ಕೂತಿದ್ದಳು.

ಸಣ್ಣ ಸಾವಕಾರರು ನನ್ನನ್ನು ಕರೆದರು. "ಯಾರೋ ಚೇಳಿನಕ್ಕ ಅಂತ. ಹೋಗಿ ನೋಡು. ಅಷ್ಟ್ ಹುಷಾರ್ ಇದ್ರ ನಮ್ಮ ಗಾದಿಗೇ ಕರ್ಕೊಂಡ್ ಬಾ."

ಪಕ್ಕದಲ್ಲಿದ್ದ ಖಾಸಿಂಸಾಬ ಅಕ್ಕನನ್ನು ಬಲ್ಲವನು, ಜೇವರ್ಗಿಯ ಸಂಗತಿಯೂ ಅವನ ಕಿವಿಗೆ ಬಿದ್ದಿತ್ತು. ಅವನು ಕೆಮ್ಮುತ್ತ, "ನಾನೂ ಹೋಗ್ತೇನ್ರಿ. ಭೀಮಣ್ಣಗ ಒಬ್ಬನ ಹೋಗಾಕ ಅಂಜಿಕಿ, ಚೇಳು ಅದಲ್ಲರಿ" ಅಂದ.

ಹೋದೆವು. ತಾಡಪತ್ರಿಯ ಸುತ್ತ ಹೆಂಗಸರ ಗುಂಪು. ನಾವು ಹಿಂದೆ ನಿಂತೆವು. ಅಕ್ಕನಿಗೆ ನಾವು ಕಾಣುತ್ತಿರಲಿಲ್ಲ. ಒಬ್ಬ ಹುಡುಗಿ ಕೇಳಿದಳು, "ಅಕ್ಕಾ, ಗಂಡಸರ ಚೇಳು ನಿನ್ ಕೈ ಮ್ಯಾಲ ಯಾಕ್ ಬಂತು?"

"ಇದು ನನ್ನದಲ್ಲ ಬೇ, ನಮ್ ತಮ್ಮಂದು. ಸೂಜಿ ನೋಡಿ ಅವ ಹೊಳಿಗೆ ಓಡಿದ, ಚೇಳು ಪಾಪ ಎಲ್ಲಿ ಹೋಗ್ಬೇಕು? ನನ್ ಕೈ ಏರಿ ಕುಂತು."

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಗುವ ಹೊತ್ತಿಗೆ ಅಕ್ಕ ಆ ಹುಡುಗಿಯ ಹೆಗಲ ಮೇಲೆ ಒಂದು ಸೆರಗು ಹಾಕಿ, ಕನ್ನಡಿ ಹಿಡಿದಾಗಿತ್ತು. ಹುಡುಗಿ ಕನ್ನಡಿ ನೋಡಿ ಸುಮ್ಮನಾದಳು. ಇಷ್ಟವಾದಾಗ ಗಿರಾಕಿ ಸುಮ್ಮನಾಗುತ್ತದೆ, ಹೊಸಬರು ಇದನ್ನು ನೆನಪಿಡಿ.

"ಆ ತಮ್ಮ ಈಗ ಎಲ್ಲಿ ಅದಾನಕ್ಕಾ?" ಇನ್ನೊಬ್ಬಾಕೆ ಕೇಳಿದಳು.

"ದೊಡ್ಡ ಅಂಗಡ್ಯಾಗ ಅದಾನ. ಭಾಳ ಶಾಣ್ಯಾ. ಅವ ಮಡಚಿದಂಗ ಸೀರಿ ಯಾರಿಗೂ ಮಡಚಾಕ ಬರಂಗಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಖಾಸಿಂಸಾಬ ನನ್ನ ಬೆನ್ನಿಗೆ ಒಂದು ನೂಕು ಕೊಟ್ಟ. ಗುಂಪು ಸರಿಯಿತು. ಅಕ್ಕ ನನ್ನನ್ನು ನೋಡಿ, "ಬರ್ರಿ ಸಾಹೇಬ್ರ, ಕೂಡ್ರಿ. ಏನ್ ತೋರಿಸ್ಲಿ?" ಅಂದಳು.

"ನನಗೊಂದು ಹಸರಂದು ತೋರ್ಸಕ್ಕಾ, ಬೀಬಿಗೆ" ಎಂದು ಖಾಸಿಂಸಾಬ ಆರಾಮಾಗಿ ಕೂತೇಬಿಟ್ಟ. ನಾನು ನಿಂತೇ ಅಂದೆ, "ಸಾವಕಾರ್ರು ಕೆಲಸಕ್ಕ ಕರ್ಯಾಕತ್ತಾರ."

"ಯಾರನ್ನ?"

"ನಿನ್ನ."

"ನಾ ಯಾರಂತ ಅವ್ರಿಗೆ ಗೊತ್ತದ ಏನು?"

ನಾನು ಕೆಳಗೆ ಬಿದ್ದಿದ್ದ ಒಂದು ಖಣ ಎತ್ತಿ ಮಡಚತೊಡಗಿದೆ. ಆಕೆ ಹಸಿರು ಸೀರೆ ಬಿಚ್ಚುತ್ತ, ನನ್ನ ಕಡೆ ನೋಡದೆ ಅಂದಳು, "ಮೊದ್ಲ ಹೇಳಿ ಬಾ ಹೋಗು. ಆಮ್ಯಾಲ ಮಾತಾಡೂಣು."

ದಾರಿಯುದ್ದಕ್ಕೂ ಹೇಳುವ ಮಾತನ್ನು ಜೋಡಿಸಿಕೊಂಡು ಬಂದೆ. ಅಂಗಡಿಯಲ್ಲಿ ಸಣ್ಣ ಸಾವಕಾರರು, ಕೆಲಸದವರು, ಗಿರಾಕಿಗಳು ಎಲ್ಲ ಇದ್ದರು. "ಏನಂದ್ಳು?" ಎಂದು ಕೇಳಿದರು. ನನ್ನ ಬಾಯಿಂದ ಬಂದದ್ದು, "ಬರಂಗಿಲ್ಲಂತರಿ."

ಖಾಸಿಂಸಾಬ ನನ್ನ ಕಿವಿಯ ಹತ್ತಿರ ಬಂದು, "ಸೀರಿ ಮಡಚಿದ್ಹಂಗ ಮಾತೂ ಮಡಚ್ತೀಯಲ್ಲೋ ಭೀಮಣ್ಣ. ಒಮ್ಮೆ ಬಿಚ್ಚು" ಅಂದ.

"ಹಂಗಿದ್ರ ನಾನಽ ಹೋಗಿ ಕರೀತೇನಿ" ಎಂದು ಸಾವಕಾರರು ಚಪ್ಪಲಿ ಮೆಟ್ಟುತ್ತಿದ್ದರು. ಆಗ ಬಿಚ್ಚಿದೆ. "ಆಕಿ ನಮ್ಮಕ್ಕರಿ. ನಮ್ಮವ್ವನ ಹೊಟ್ಟ್ಯಾಗ ಹುಟ್ಟಿದಾಕಿ. ಜೇವರ್ಗ್ಯಾಗ ಕೆಲಸ ಕೇಳಾಕ ಬಂದಿದ್ಳು. ನಾನಽ ಹಚ್ಚಿ ಅದಾವಂತ ಹೇಳಿ ಕಳಿಸ್ದೆ. ನನಗ ನಾಚಿಕಿ ಬಂದಿತ್ರಿ." ಗಟ್ಟಿಯಾಗಿ ಹೇಳಿದ್ದೆನೋ ಏನೋ, ಗಿರಾಕಿಗಳೂ ತಿರುಗಿ ನೋಡಿದರು.

ಸಾವಕಾರರು ಒಂದು ಕಾಲಲ್ಲಿ ಚಪ್ಪಲಿ ಹಾಕಿಕೊಂಡೇ ನಿಂತರು. "ಹುಚ್ಚೇನೋ ನಿನಗ? ನಮ್ಮವ್ವನ ಗದ್ದದ ಮ್ಯಾಲೂ ಹಚ್ಚಿ ಅದ. ಆಕಿನ್ನೂ ಮನಿ ಹೊರಗ ಹಾಕ್ಲ್ಯಾ? ನಾ ಹೇಳಿದ್ದು ಈಗಿನ ಹುಡುಗೂರ ಹಚ್ಚಿ ಸಲುವಾಗಿ."

ಅಲ್ಲಿಗೆ ಬಿಡಬಹುದಾಗಿತ್ತು. ಆದರೆ ಒಮ್ಮೆ ಬಿಚ್ಚಿದ ಮೇಲೆ ಪೂರ್ತಿ ಬಿಚ್ಚುವುದೇ ನಮ್ಮ ರೂಢಿ. "ಅವ್ವಂದಿರ ಹಚ್ಚಿ ಚಲೋ, ಹುಡುಗೂರ ಹಚ್ಚಿ ಕೆಟ್ಟ ಅಂದ್ರ ಹ್ಯಾಂಗ್ರಿ? ಇಬ್ರದೂ ಸೂಜೀನ. ರೇವಣನ್ನೂ ಗೋದಾಮಿಂದ ಹೊರಗ ತರ್ರಿ."

"ಗಿರಾಕಿ ಅವನ ಕೈ ಓದ್ತಾರಲ್ಲೋ!"

"ಅಕ್ಕನ ಕೈನೂ ಓದ್ಲಾಕಽ ಬರ್ತಾರ್ರಿ. ಓದಿ ಸೀರಿ ತಗೊಂಡ್ ಹೋಗ್ತಾರ."

"ಆಗ್ಲಿ, ರೇವಣನ್ನೂ ಕರಿ" ಎಂದು ಸಾವಕಾರರು ಎರಡನೆಯ ಚಪ್ಪಲಿಯನ್ನೂ ಮೆಟ್ಟಿ ಘತ್ತರಗಿಗೆ ಹೋಗಿಬಿಟ್ಟರು. ರೇವಣ ಗಾದಿಗೆ ಮರಳಿದ. ಮೊದಲ ದಿನವೇ ಒಬ್ಬಾಕೆ ಜ್ಯೋತಿ ಯಾರೆಂದು ಕೇಳಿದಳು. "ನಮ್ಮ ಎಮ್ಮಿರಿ, ಭಾಳ ಹಾಲು ಕೊಡ್ತಿತ್ತು" ಅಂದ. ಆಕೆ ನಕ್ಕು ಎರಡು ಸೀರೆ ಕೊಂಡಳು. ಅವನ ಹೆಂಡತಿ ಸುನಂದಾಳಿಗೂ ಆ ಉತ್ತರ ಬಹಳ ಹಿಡಿಸಿತಂತೆ.

ಅಕ್ಕ ಮಾತ್ರ ಕೆಲಸಕ್ಕೆ ಬರಲಿಲ್ಲ. ಸಾವಕಾರರಿಗೆ ಚಹಾ ಕುಡಿಸಿ, "ನೌಕರಿ ಬ್ಯಾಡ್ರಿ. ನಿಮ್ಮ ಮಾಲು ಕೊಡ್ರಿ, ನನ್ನ ತಾಡಪತ್ರಿ ಕೆಳಗ ನಾ ಮಾರ್ತೇನಿ" ಅಂದಳು. ಅವರು ಒಪ್ಪಿದರು. ಆ ವರ್ಷ ಪಂಚಮಿಗೆ ಅಂದೋಲಾಕ್ಕೆ ಹೋದೆ. ಬಾಗಿಲಲ್ಲೇ ತಪ್ಪಾಯಿತು ಎಂದು ಶುರು ಮಾಡಿದೆ. "ಒಳಗ ಬಾ, ಉಂಡಿ ಆರಾಕತ್ತಾವ" ಎಂದು ಮಾತು ಕತ್ತರಿಸಿದಳು. ನಮ್ಮ ಮನೆಗೆ ಬಂದಳು, ಜೋಕಾಲಿಯನ್ನೂ ಆಡಿದಳು. ಆದರೆ ಕ್ಷಮಿಸಿದೆ ಎಂಬ ಮಾತನ್ನು ಆಡಲಿಲ್ಲ. ನಾನು ಎರಡು ಸಲ ಕೇಳಿದೆ. ಎರಡು ಸಲವೂ ಇನ್ನೊಂದು ಉಂಡಿ ಕೊಟ್ಟಳು.

ಕೆಲಸ ಕೊಡುವವರಿಗೆ ಕಡಿಮೆ ಓದಿದವನ ಒಂದು ಮಾತು. ಕೈ ನೋಡುವುದು ತಪ್ಪಲ್ಲ. ಉಗುರು ನೋಡಿ, ಉಂಗುರ ನೋಡಿ, ಅವು ಬಟ್ಟೆಗೆ ತಾಗುತ್ತವೆ. ಹಚ್ಚೆ ರೇಷ್ಮೆಯ ಎಳೆ ಹಿಡಿಯುವುದಿಲ್ಲ. ಇನ್ನೊಬ್ಬರನ್ನು ಹೀಯಾಳಿಸುವಂಥದ್ದು ಬರೆಸಿಕೊಂಡು ಬಂದರೆ ತೋಳು ಮುಚ್ಚಿಕೋ ಅನ್ನಿ, ಅದು ಸರಿ. ಉಳಿದದ್ದನ್ನು ನೋಡಿ ಬೇಡ ಅನ್ನುವ ಮೊದಲು, ಇದು ಹೇಗೆ ಬಂತಪ್ಪಾ ಎಂದು ಒಂದು ಸಲ ಕೇಳಿ. ಮತ್ತೆ ಬೇಡ ಅನ್ನುವಾಗ ನಿಮ್ಮ ಮನಸ್ಸಿನಲ್ಲಿ ನಿಜವಾಗಿ ಬೇಡವಾದದ್ದು ಏನು ಎಂದು ನೋಡಿಕೊಳ್ಳಿ. ಹೊಸಬರಿಗೂ ಒಂದು ಮಾತು: ಹಾಕಿಸಿಕೊಳ್ಳುವುದಿದ್ದರೆ ಹಾಕಿಸಿಕೊಳ್ಳಿ, ಆದರೆ ಗಿರಾಕಿ ಕೇಳುತ್ತದೆ. ಕತೆ ಒಂದು ತಯಾರಿರಲಿ.

ನಾನು ನಿವೃತ್ತನಾದ ಮೇಲೆ ಮನೆಯಲ್ಲಿ ಕೂತು ಒಂದೇ ಟವೆಲನ್ನು ಮತ್ತೆ ಮತ್ತೆ ಮಡಚುವುದನ್ನು ಹೆಂಡತಿ ನೋಡಿ ಬೇಸತ್ತಳು. ಅಕ್ಕನಿಗೆ ಫೋನ್ ಮಾಡಿ ದೂರು ಹೇಳಿದಳು. "ಕಳಿಸು ಈ ಕಡಿ" ಎಂದು ಅಪ್ಪಣೆ ಬಂತು. ಈಗ ಅಮಾವಾಸ್ಯೆಗೆ ಘತ್ತರಗಿಗೆ ಹೋಗುತ್ತೇನೆ. ಅಕ್ಕ ಬಿಚ್ಚುತ್ತಾಳೆ, ನಾನು ಮಡಚುತ್ತೇನೆ. ಬಿಳಿ ಅಂಗಿ ಹೊಳೆಯ ದಾರಿಯ ಧೂಳಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಕಂದಾಗುತ್ತದೆ.

ಹೋದ ಅಮಾವಾಸ್ಯೆಗೆ ಗುಂಪು ಜೋರಿತ್ತು. ಆಳಂದದ ಅಂಗಡಿಯಲ್ಲಿ ನನ್ನನ್ನು ನೋಡಿದ್ದ ಹೆಂಗಸರೂ ಇದ್ದರು. ಅವಸರದಲ್ಲಿ ನಾನೊಂದು ಸೀರೆಯ ಅಂಚು ತಪ್ಪಿಸಿ ಮಡಚಿದೆ. ಅಕ್ಕ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಮತ್ತೆ ಬಿಚ್ಚಿದಳು.

"ಯಾರಬೇ ಚೇಳಿನಕ್ಕ, ಈ ಮುದಕ?" ಎಂದು ಒಬ್ಬ ಮುದುಕಿ ಕೇಳಿದಳು.

ಅಕ್ಕ ಎದ್ದು ನಿಂತು, ಸೊಂಟದ ಮೇಲೆ ಕೈ ಇಟ್ಟು, ಹೊಳೆಯ ಆಚೆ ದಂಡೆಗೂ ಕೇಳುವ ಹಾಗೆ ಹೇಳಿದಳು:

"ನಮ್ ತಮ್ಮ ಭೀಮ್ಯಾ! ಹೊಸದಾಗಿ ಕೆಲಸಕ್ಕ ಇಟ್ಕೊಂಡೀನಿ. ಇನ್ನಾ ಕಲ್ಯಾಕತ್ತಾನ."